ಅಲ್ಲಿ ಸೇತುವೆ ಇಲ್ವೇನೋ?

ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಬಾಯಿ ತೆರೆದು ದಿಬ್ಬ ಹತ್ತುತ್ತಿರುವ ನನ್ನ ಫೋಟೋ ಒಂದನ್ನು ಯಾರೋ ತೆಗೆದಿದ್ದರು. ಅದನ್ನು ಅಪ್ಪಯ್ಯನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಂತು.

"ಎಂತ ಮಾರಾಯ ಇದು? ಅಲ್ಲಿ ಸೇತುವೆ ಇಲ್ವೇನೋ?"

ನಾನು ನಕ್ಕೆ. ಅಪ್ಪಯ್ಯ ನಗಲಿಲ್ಲ. ಅವರು ಕೇಳಿದ್ದು ನಿಜವಾದ ಪ್ರಶ್ನೆಯೇ ಆಗಿತ್ತು. ಅದಕ್ಕೆ ನೆಟ್ಟಗಿನ ಉತ್ತರ ಕೊಡಲು ನನಗೆ ಇಂದಿಗೂ ಆಗಿಲ್ಲ. ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಬೇರೆ ಮಾಡಿಕೊಂಡು ಕೂತೆ. ಎರಡನ್ನೂ ಸೇರಿಸಿಯೇ ಹೇಳಬೇಕು.

ನಾನಿರುವುದು ಬೆಲ್ಜಿಯಂನ ಲೂವೆನ್ ಊರಿನಲ್ಲಿ. ಇಲ್ಲಿ ಸೇತುವೆಗಳಿಗೇನೂ ಬರವಿಲ್ಲ. ಸೈಕಲ್ಲಿಗೆಂದೇ ಬೇರೆ ದಾರಿ, ಬೇರೆ ಸಿಗ್ನಲ್ಲು, ಸ್ಟೇಷನ್ನಿನಲ್ಲಿ ಸಾವಿರಾರು ಸೈಕಲ್ ನಿಲ್ಲಿಸುವ ಜಾಗ ಎಲ್ಲವೂ ಇವೆ. ಇಷ್ಟೆಲ್ಲ ಇದ್ದೂ ಚಳಿಗಾಲದ ಭಾನುವಾರಗಳಲ್ಲಿ ಇಲ್ಲಿನ ಜನ ಊರಾಚೆಯ ಹುಲ್ಲುಗಾವಲಿಗೋ ಕಾಡಿನಂಚಿಗೋ ಹೋಗಿ, ಸೈಕಲ್ ಓಡಿಸಲು ಯಾವ ರೀತಿಯಲ್ಲೂ ತಕ್ಕದಲ್ಲದ ಜಾಗವನ್ನು ಹುಡುಕಿ, ಅಲ್ಲೇ ಸೈಕಲ್ ಓಡಿಸುತ್ತಾರೆ. ಇದಕ್ಕೆ ಸೈಕ್ಲೋಕ್ರಾಸ್ ಎಂದು ಹೆಸರು. ಇಲ್ಲಿಯ ಡಚ್ಚಿನಲ್ಲಿ ವೆಲ್ಟ್‌ರೈಡನ್ ಅನ್ನುತ್ತಾರೆ. ನಮ್ಮ ಕಡೆಯ ಮಾತಿಗೆ ತಂದರೆ ಗದ್ದೆ ಸವಾರಿ.

ಸುಮಾರು ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು. ಎರಡು ಬದಿಗೂ ಗೂಟ ನೆಟ್ಟು ಪ್ಲಾಸ್ಟಿಕ್ ಪಟ್ಟಿ ಕಟ್ಟಿರುತ್ತಾರೆ. ಒಳಗೆ ಕೆಸರು, ಮರಳು, ಇಳಿಜಾರು, ಕೆಲವು ಕಡೆ ಮೆಟ್ಟಿಲು. ಸಾಲದ್ದಕ್ಕೆ 40 ಸೆಂಟಿಮೀಟರ್ ಎತ್ತರದ ಎರಡು ಹಲಗೆಗಳನ್ನು ಅಡ್ಡ ಇಟ್ಟಿರುತ್ತಾರೆ. ಪಳಗಿದವರು ಸೈಕಲ್ ಸಮೇತ ಅವನ್ನು ಹಾರುತ್ತಾರೆ. ನನ್ನಂಥವರು ಇಳಿದು, ಸೈಕಲ್ಲನ್ನು ಎತ್ತಿ, ದಾಟಿ, ಮತ್ತೆ ಓಡುತ್ತಲೇ ಹತ್ತಬೇಕು. ದಪ್ಪ ಟಯರು ಹಾಕಿಕೊಂಡರೆ ಕೆಸರಿನಲ್ಲಿ ಸುಲಭವಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೇ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಟಯರು 33 ಮಿಲಿಮೀಟರ್ ಮೀರಬಾರದೆಂಬ ನಿಯಮ ಮಾಡಿದ್ದಾರೆ. ಎಲ್ಲಿ ಸುಲಭವಾಗಬಹುದೋ ಅಲ್ಲೆಲ್ಲ ಒಂದು ನಿಯಮ ಕಾದು ಕೂತಿರುತ್ತದೆ. ಶುರುವಾಗಿದ್ದು ಫ್ರಾನ್ಸಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಆದರೆ ಹುಚ್ಚು ಹಿಡಿದದ್ದು ಬೆಲ್ಜಿಯಂನ ಈ ಫ್ಲಾಂಡರ್ಸ್ ಭಾಗಕ್ಕೆ. ಇಲ್ಲಿಯ ಎರಿಕ್ ಡಿ ವ್ಲಾಮಿಂಕ್ ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದವನು.

ಈಗ ಅಪ್ಪಯ್ಯನ ವಿಷಯ. ಅವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದರು. ಮನೆಯಿಂದ ಶಾಲೆಗೆ ಏಳು ಕಿಲೋಮೀಟರು. ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಆ ಮರಗಳ ಮೇಲೆ ಪಾಚಿ ಕಟ್ಟಿ ಸಾಬೂನಿನ ಹಾಗೆ ಜಾರುತ್ತಿತ್ತು. ನಾನು ಅದೇ ಶಾಲೆಗೆ ಹೋಗುತ್ತಿದ್ದುದರಿಂದ ಅಪ್ಪಯ್ಯ ದಿನಾ ಬೆಳಿಗ್ಗೆ ಮೂರು ಸಲ ಸಂಕ ದಾಟುತ್ತಿದ್ದರು. ಮೊದಲು ನನ್ನನ್ನು ಎತ್ತಿಕೊಂಡು. ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಜರಿ ಪುಸ್ತಕ, ಬುತ್ತಿ ಇದ್ದ ಚೀಲ. ಕೊನೆಗೆ ಸೈಕಲ್ಲು. ಪಂಚೆ ಮೇಲೆ ಕಟ್ಟಿ, ಅಟ್ಲಾಸ್ ಸೈಕಲ್ಲಿನ ದಂಡವನ್ನು ಬಲ ಹೆಗಲಿಗೆ ಹಾಕಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಸಮತೋಲಕ್ಕೆ ಚಾಚಿ ಬರುತ್ತಿದ್ದರು. ನಾನು ಈ ಕಡೆ ದಡದಲ್ಲಿ ಕೊಡೆ ಹಿಡಿದು ನಿಂತು ನೋಡುತ್ತಿದ್ದೆ. ಆ ಸೈಕಲ್ಲು ಇಪ್ಪತ್ತು ಕಿಲೋಗಿಂತ ಹೆಚ್ಚಿತ್ತು. ನನ್ನದು ಒಂಬತ್ತು.

ಸೈಕ್ಲೋಕ್ರಾಸಿನಲ್ಲಿ ಸೈಕಲ್ ಹೊರುವುದನ್ನು ನನಗೆ ಹೇಳಿಕೊಟ್ಟ ಹುಡುಗ, "ನಿನಗೆ ಇದು ಆಗಲೇ ಗೊತ್ತಿದೆಯಲ್ಲ, ಎಲ್ಲಿ ಕಲಿತೆ?" ಅಂದಿದ್ದ. ನಾನು ಏನೂ ಹೇಳಲಿಲ್ಲ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಹಳ್ಳಕ್ಕೆ ಸೇತುವೆಯಾಯಿತು. ಅದಾದ ಮೇಲೆ ಅಪ್ಪಯ್ಯ ಹಳೆಯ ಸಂಕದ ಕಡೆ ಒಮ್ಮೆಯೂ ತಿರುಗಿ ನೋಡಿದ್ದು ನನಗೆ ನೆನಪಿಲ್ಲ. ಕಷ್ಟದ ದಿನಗಳ ಬಗ್ಗೆ ಹಂಬಲಿಸಿ ಮಾತಾಡುವ ಅಭ್ಯಾಸ ಅವರಿಗಿಲ್ಲ. ಅದು ಬಹುಶಃ ಕಷ್ಟದಿಂದ ಸಾಕಷ್ಟು ದೂರ ಬಂದ ಮಕ್ಕಳಿಗೆ ಹತ್ತುವ ಚಟ.

ಹಾಗಾದರೆ ಸೇತುವೆ ಇರುವ ಊರಿನಲ್ಲಿ ಸೈಕಲ್ ಹೊರುವುದು ಏನು? ಅಣಕವೇ? ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲ ಬಂದರೆ ಕಾಲುಸಂಕ ದಾಟುವಾಗ ಮಕ್ಕಳು ಕೊಚ್ಚಿಹೋದ ಸುದ್ದಿ ಈಗಲೂ ಬರುತ್ತದೆ. ಅದನ್ನು ಓದಿದ ವಾರವೇ, ಬೇಕೆಂದೇ ಕೆಸರು ಹುಡುಕಿಕೊಂಡು, ದುಡ್ಡು ಕಟ್ಟಿ, ಎದೆಗೆ ನಂಬರು ಅಂಟಿಸಿಕೊಂಡು ಹೋಗುವುದರಲ್ಲಿ ಏನೋ ಅಸಹ್ಯವಿದೆ ಎಂದು ನನಗೇ ಅನ್ನಿಸಿದ್ದುಂಟು.

ಆಟ ಎಂದರೇನು ಎಂದು ವಿವರಿಸಲು ಹೊರಟವರಲ್ಲಿ ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ ನನಗೆ ಹತ್ತಿರದವನು. 1978ರಲ್ಲಿ ಬಂದ ಅವನ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಈಸೋಪನ ಕಥೆಯ ಮಿಡತೆಯೇ ನಾಯಕ. ಇರುವೆ ದುಡಿದು ಕೂಡಿಡುತ್ತದೆ, ಮಿಡತೆ ಆಡಿಕೊಂಡಿದ್ದು ಸಾಯುತ್ತದೆ. ಸೂಟ್ಸ್ ಮಿಡತೆಯ ಪಕ್ಷ. ಆಟ ಎಂಬ ಮಾತಿಗೆ ಒಂದೇ ವ್ಯಾಖ್ಯೆ ಸಾಧ್ಯವಿಲ್ಲ ಎಂಬ ವಿಟ್‌ಗೆನ್‌ಸ್ಟೈನನ ನಿಲುವನ್ನು ತಳ್ಳಿಹಾಕಿ ಅವನು ಒಂದು ವ್ಯಾಖ್ಯೆ ಕೊಡುತ್ತಾನೆ. ಬೇಕಿಲ್ಲದ ಅಡೆತಡೆಗಳನ್ನು ತಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದೇ ಆಟ ಎಂಬುದು ಅದರ ತಾತ್ಪರ್ಯ. ಸೈಕ್ಲೋಕ್ರಾಸ್ ನೋಡಿಯೇ ಬರೆದನೇನೋ ಅನ್ನುವಷ್ಟು ಸರಿಯಾಗಿದೆ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮನುಷ್ಯನ ಅಗತ್ಯಗಳೆಲ್ಲ ಪೂರೈಸಿದ ಒಂದು ಲೋಕವನ್ನು ಕಲ್ಪಿಸಿಕೊಳ್ಳಿ, ಅಲ್ಲಿ ಮಾಡಲು ಉಳಿಯುವುದೇನು? ಆಟ ಮಾತ್ರ ಎಂದು ಅವನ ವಾದ. ಅಂದರೆ, ಇರುವ ಹಳ್ಳಗಳಿಗೆಲ್ಲ ಸೇತುವೆ ಕಟ್ಟಿ ಮುಗಿದ ಮೇಲೆ ಮನುಷ್ಯ ಕೂತು ಹಳ್ಳ ತೋಡುತ್ತಾನೆ.

ಅಪ್ಪಯ್ಯನಿಗೆ ಇದನ್ನು ಹೇಳಿದರೆ, "ಮೊದಲು ಎಲ್ಲ ಕಡೆ ಕಟ್ಟಿ ಮುಗೀಲಿ ಮಾರಾಯ" ಅಂದಾರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಂದು ಮಾತು. ಅಪ್ಪಯ್ಯನ ಸಂಕವನ್ನು ನಾನು ಆಡುತ್ತಿಲ್ಲ. ಅವರ ಹೊರೆಯಲ್ಲಿ ನಿಯಮ ಇರಲಿಲ್ಲ. ಹಳ್ಳ ದಾಟಲು ಇನ್ನೊಂದು ಸುಲಭದ ದಾರಿ ಇದ್ದಿದ್ದರೆ ಆ ದಾರಿ ಹಿಡಿಯುವುದೇ ಬುದ್ಧಿವಂತಿಕೆ, ಅದರಲ್ಲಿ ಮೋಸ ಏನೂ ಇಲ್ಲ. ನನ್ನ ಕೆಸರಿನಲ್ಲಿ ಮಾತ್ರ ಸುಲಭದ ದಾರಿ ಹಿಡಿಯುವುದು ಮೋಸವಾಗುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಜನವರಿಯ ಒಂದು ಭಾನುವಾರ. ಉಷ್ಣತೆ ಒಂದು ಡಿಗ್ರಿ. ರಾತ್ರಿ ಮಳೆ ಬಿದ್ದು, ಬೆಳಗಿನ ಜಾವ ನೆಲದ ಮೇಲ್ಪದರ ಹೆಪ್ಪುಗಟ್ಟಿ, ನಮಗಿಂತ ಮೊದಲು ಓಡಿದ ಮಕ್ಕಳ ಗುಂಪು ಅದನ್ನೆಲ್ಲ ಕಡೆದು ಹಾಕಿತ್ತು. ಕಾಲಿಗೆ ಖಾರದ ಮುಲಾಮು ಉಜ್ಜಿಕೊಂಡಿದ್ದೆ, ಕಾಲು ಉರಿಯುತ್ತಿತ್ತು, ಬೆರಳುಗಳು ಮಾತ್ರ ಸತ್ತಿದ್ದವು. ಬ್ರೇಕು ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಿನಿಂದ ನೋಡಿ ತಿಳಿಯಬೇಕಿತ್ತು. ನಮ್ಮದು ಲೈಸೆನ್ಸ್ ಇಲ್ಲದ ಹವ್ಯಾಸಿಗಳ ಗುಂಪು. 41 ಜನ. ನಲವತ್ತು ನಿಮಿಷದ ಓಟ ಎಂದರೆ, ನಲವತ್ತು ನಿಮಿಷಕ್ಕೆ ಹತ್ತಿರವಾಗುವಂತೆ ಮುಂದಿರುವವನ ವೇಗ ನೋಡಿ ಸುತ್ತುಗಳನ್ನು ಲೆಕ್ಕ ಹಾಕುತ್ತಾರೆ. ಅವನು ಮುಗಿಸಿದ ಮೇಲೆ ಉಳಿದವರು ತಾವಿರುವ ಸುತ್ತನ್ನು ಮುಗಿಸಿದರೆ ಆಯಿತು. ಅವನಿಗೆ ಒಂದು ಸುತ್ತಿಗೆ ಏಳೂವರೆ ನಿಮಿಷ. ನನಗೆ ಹತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಅವನು ನನ್ನನ್ನು ಒಂದು ಸುತ್ತು ಹಿಂದೆ ಹಾಕಿ, ಹಾಯುವಾಗ 'ಧನ್ಯವಾದ' ಎಂದು ಬೇರೆ ಹೇಳಿ ಹೋದ.

ನನ್ನ ಓಟ ಅವನ ಜೊತೆಗಿರಲಿಲ್ಲ. ನನ್ನ ಮುಂದೆ ಹದಿನೈದು ಮೀಟರ್ ದೂರದಲ್ಲಿ ನೀಲಿ ಅಂಗಿಯ ಒಬ್ಬ ಹಿರಿಯರಿದ್ದರು. ಅರವತ್ತು ದಾಟಿರಬೇಕು. ಮೊದಲ ಸುತ್ತಿನಿಂದ ಅವರ ಬೆನ್ನು ನೋಡಿಕೊಂಡೇ ಬಂದಿದ್ದೆ. ದಿಬ್ಬದಲ್ಲಿ ನಾನು ಹತ್ತಿರವಾಗುತ್ತಿದ್ದೆ, ಇಳಿಜಾರಿನಲ್ಲಿ ಅವರು ದೂರವಾಗುತ್ತಿದ್ದರು. ಕೆಸರಿನಲ್ಲಿ ಎಲ್ಲಿ ಚಕ್ರ ಇಡಬೇಕೆಂದು ಅವರಿಗೆ ಗೊತ್ತಿತ್ತು. ಯಾರ ಹೆಸರೂ ಗೊತ್ತಿಲ್ಲದ ಮೂವತ್ತೇಳು ಜನ ಮುಂದೆ ಹೋಗಿಯಾಗಿತ್ತು. ಆದರೂ ಆ ನೀಲಿ ಅಂಗಿಯನ್ನು ದಾಟುವುದಕ್ಕಿಂತ ದೊಡ್ಡ ಆಸೆ ಆ ನಲವತ್ತು ನಿಮಿಷದಲ್ಲಿ ನನಗೆ ಈ ಲೋಕದಲ್ಲಿ ಬೇರೊಂದಿರಲಿಲ್ಲ.

ನಾಲ್ಕನೆಯ, ಅಂದರೆ ನನ್ನ ಕೊನೆಯ ಸುತ್ತು. ಕಾಡಿನೊಳಗೆ ದಾರಿ ಒಂದು ಚರಂಡಿಗೆ ಇಳಿದು, ಬಳಸಿ, ಮೇಲೆ ಬಂದು ಹೆಚ್ಚುಕಡಿಮೆ ಹೊರಟಲ್ಲಿಗೇ ಸೇರುತ್ತದೆ. ಎರಡು ತುದಿಗಳ ನಡುವೆ ನಾಲ್ಕೈದು ಮೀಟರ್ ಅಂತರವಿದ್ದೀತು. ಆ ಸುತ್ತಿನಲ್ಲಿ ನೋಡುತ್ತೇನೆ, ಒಂದು ಗೂಟ ಬಿದ್ದು ಪಟ್ಟಿ ಕೆಸರಿನಲ್ಲಿ ಹೂತುಹೋಗಿದೆ. ನೀಲಿ ಅಂಗಿ ಆಗಲೇ ಚರಂಡಿಗೆ ಇಳಿದು, ಸೈಕಲ್ ಹೆಗಲಿಗೇರಿಸಿ, ನನಗೆ ಬೆನ್ನು ಮಾಡಿ ಆಚೆ ಏರು ಹತ್ತುತ್ತಿದೆ. ನಾನು ನೇರ ಹೋದೆ.

ಕನ್ನಡಕಕ್ಕೆ ಕೆಸರು ಹಾರಿತ್ತು, ಕಾಣಲಿಲ್ಲ ಎಂದು ಬರೆಯಬಹುದಿತ್ತು. ಕೆಸರು ಹಾರಿದ್ದೂ ನಿಜ. ಆದರೆ ಮೂರು ಸಲ ಅದೇ ಚರಂಡಿಯಲ್ಲಿ ಇಳಿದವನಿಗೆ ದಾರಿ ಗೊತ್ತಿಲ್ಲದೆ ಇರುವುದಿಲ್ಲ. ಯೋಚನೆ ಮಾಡಿದೆನೇ ಎಂದರೆ, ಮಾಡಿದೆ. ಒಂದು ಸೆಕೆಂಡು. ಆ ಸೆಕೆಂಡಿನಲ್ಲಿ ನನಗೆ ಹೊಳೆದ ವಾದ ಇಷ್ಟೆ: ಮೂವತ್ತೆಂಟೋ ಮೂವತ್ತೊಂಬತ್ತೋ, ಯಾರಿಗೇನು?

ಈ ವಾದವನ್ನು ಆಮೇಲೆ ಬಹಳ ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಇದು ತನ್ನನ್ನೇ ತಿನ್ನುವ ವಾದ. ಯಾರಿಗೂ ಏನೂ ಅಲ್ಲವಾದರೆ ನಾನು ಚರಂಡಿಗೆ ಇಳಿಯಬಹುದಿತ್ತು, ಹೋಗುವುದೇನೂ ಇರಲಿಲ್ಲ. ನನಗೆ ಅದು ಬೇಕಾಗಿತ್ತು ಎಂದೇ ಅಲ್ಲವೇ ನೇರ ಹೋದದ್ದು? ಸ್ಥಾನಕ್ಕೆ ಬೆಲೆ ಇದೆ ಎಂದು ನನ್ನ ಕಾಲು ಹೇಳುತ್ತಿತ್ತು, ಬೆಲೆ ಇಲ್ಲ ಎಂದು ನನ್ನ ತಲೆ ಸಮಾಧಾನ ಹೇಳುತ್ತಿತ್ತು. ಇಂಥ ಹೊತ್ತಿನಲ್ಲಿ ತಲೆಯನ್ನು ನಂಬಬಾರದು.

2016ರಲ್ಲಿ ಬೆಲ್ಜಿಯಂನದೇ ಜೋಲ್ಡರ್‌ನಲ್ಲಿ ನಡೆದ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ತರುಣಿಯ ಸೈಕಲ್ಲಿನ ದಂಡದೊಳಗೆ ಮೋಟಾರು ಸಿಕ್ಕಿತ್ತು. ಸೈಕಲ್ಲು ತನ್ನದಲ್ಲ, ಸ್ನೇಹಿತನದು ಎಂದು ಅವಳು ಹೇಳಿದಳು. ಆರು ವರ್ಷದ ನಿಷೇಧ ಬಿತ್ತು. ಈ ಕಡೆಯ ಜನ ಈಗಲೂ ಅದನ್ನು ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡಿದ್ದೇನೆ. ಶಕುನಿಯ ದಾಳಕ್ಕೆ ಒಂದು ರಾಜ್ಯ ಎದುರಿಗಿತ್ತು, ಆ ಹುಡುಗಿಯ ಎದುರಿಗೆ ವಿಶ್ವ ಪದಕವಿತ್ತು. ನನ್ನ ಎದುರಿಗಿದ್ದದ್ದು ಮೂವತ್ತೆಂಟನೆಯ ಸ್ಥಾನ. ಮೋಸದ ಗಾತ್ರ ಸಣ್ಣದಾದಷ್ಟೂ ಮೋಸಗಾರ ಸಣ್ಣವನಾಗುತ್ತಾನೋ ದೊಡ್ಡವನಾಗುತ್ತಾನೋ, ನನಗೆ ಇನ್ನೂ ಬಗೆಹರಿದಿಲ್ಲ. ರಾಜ್ಯಕ್ಕಾಗಿ ಸುಳ್ಳು ಹೇಳಿದವನಿಗೆ ಕನಿಷ್ಠ ಒಂದು ಆಸೆಯ ನೆಪವಾದರೂ ಇದೆ.

ಡಚ್ ವಿದ್ವಾಂಸ ಹೌಜಿಂಗ ತನ್ನ 'ಹೋಮೋ ಲೂಡೆನ್ಸ್' ಪುಸ್ತಕದಲ್ಲಿ ಮೋಸಗಾರನಿಗೂ ಆಟಗೇಡಿಗೂ ವ್ಯತ್ಯಾಸ ಹೇಳುತ್ತಾನೆ. ಮೋಸಗಾರ ಆಡುತ್ತಿರುವಂತೆ ನಟಿಸುವುದರಿಂದ ಆಟದ ಲೋಕ ಉಳಿಯುತ್ತದೆ. ಆಟಗೇಡಿ ಅದನ್ನೇ ಒಡೆಯುತ್ತಾನೆ. ಆದ್ದರಿಂದ ಸಮಾಜ ಮೋಸಗಾರನನ್ನು ಹೆಚ್ಚು ಸಹಿಸುತ್ತದಂತೆ. ಸೂಟ್ಸ್ ಇವರಿಬ್ಬರ ಜೊತೆ ಮೂರನೆಯವನೊಬ್ಬನನ್ನು ಸೇರಿಸುತ್ತಾನೆ: ನಿಯಮ ಪಾಲಿಸುತ್ತಾನೆ, ಆದರೆ ಗೆಲ್ಲಬೇಕೆಂಬ ಮನಸ್ಸೇ ಇಲ್ಲ. ನಾನು ಈ ಕ್ರೀಡೆಗೆ ಬಂದಾಗ ಸ್ನೇಹಿತರು ಕೊಟ್ಟ ಉಪದೇಶ ಇಂಥದ್ದೇ. "ಫಲದ ಆಸೆ ಬಿಟ್ಟು ಓಡು, ಭಗವದ್ಗೀತೆಯಲ್ಲೇ ಹೇಳಿದೆಯಲ್ಲ" ಎಂದು. ಗೀತೆ ಯುದ್ಧಭೂಮಿಗೆ ಹೇಳಿದ್ದನ್ನು ಕೆಸರುಗದ್ದೆಗೆ ತರುವುದು ಎಷ್ಟು ಸರಿಯೋ ತಿಳಿಯದು. ನನ್ನ ಅನುಭವದಲ್ಲಂತೂ ಅದು ನಡೆಯುವುದಿಲ್ಲ. ಆಸೆಯೇ ಇಲ್ಲದೆ ಓಡುವವನ ಮುಂದೆ ಓಡುವುದು ಪಕ್ಕದಲ್ಲಿರುವವನಿಗೆ ಅವಮಾನ. ನೀಲಿ ಅಂಗಿಯವರನ್ನು ದಾಟುವ ಆಸೆ ನನಗೆ ನಿಜವಾಗಿ ಇರಬೇಕು, ನನ್ನನ್ನು ಹಿಂದೆ ಇಡುವ ಆಸೆ ಅವರಿಗೆ ನಿಜವಾಗಿ ಇರಬೇಕು. ಆಗಲೇ ಇಬ್ಬರೂ ಒಬ್ಬರಿಗೊಬ್ಬರು ಏನನ್ನಾದರೂ ಕೊಟ್ಟಂತೆ. ಆಸೆ ಬೇಕು, ನಿಯಮವೂ ಬೇಕು. ಎರಡನ್ನೂ ಒಂದೇ ಹೆಗಲ ಮೇಲೆ ಹೊರುವುದು ಸೈಕಲ್ ಹೊತ್ತಷ್ಟು ಸುಲಭವಲ್ಲ.

ಗೆರೆ ದಾಟಿ ನಾನು ಹುಲ್ಲಿನ ಮೇಲೆ ಕೂತಿದ್ದೆ. ನೀಲಿ ಅಂಗಿಯವರು ಬಂದರು. ಕೈಗವಸು ಕಳಚಿ ಕೈ ಚಾಚಿದರು. ಮೈಯಿಂದ ಹಬೆ ಏಳುತ್ತಿತ್ತು. "ಎಲ್ಲಿ ದಾಟಿಬಿಟ್ಟೆ ನನ್ನನ್ನು? ಗೊತ್ತೇ ಆಗಲಿಲ್ಲ. ಭಲೇ!" ಎಂದರು. ಡಚ್ಚಿನಲ್ಲಿ ಹೇಳಿದ್ದು, ನನ್ನ ಅರೆಬರೆ ಡಚ್ಚಿಗೂ ಪೂರ್ತಿ ಅರ್ಥವಾಯಿತು. ನಾನು ಕೈ ಕುಲುಕಿದೆ. ಕುಲುಕಿ, ನಕ್ಕೆ. ಚರಂಡಿ ತಪ್ಪಿಸಿದ್ದಕ್ಕಿಂತ ಈ ನಗು ಕೆಟ್ಟದ್ದು ಎಂದು ನನ್ನ ಈಗಿನ ತೀರ್ಮಾನ.

ಸೈಕಲ್ ತೊಳೆಯುವ ಪೈಪಿನ ಮುಂದೆ ಉದ್ದ ಸಾಲು. ಸಾಲಿನಿಂದಲೇ ಕ್ಯಾಂಟೀನಿನ ಗೋಡೆಗೆ ಅಂಟಿಸಿದ ಫಲಿತಾಂಶದ ಹಾಳೆ ಕಾಣುತ್ತಿತ್ತು. ಹೋಗಿ ನೋಡಿದೆ. 38, ನನ್ನ ಹೆಸರು. ಅಕ್ಷರ ತಪ್ಪಾಗಿತ್ತು, ಆದರೆ ನಾನೇ. 39, ಅವರು. ಅಚ್ಚಾದ ಹಾಳೆಗೆ ಒಂದು ವಿಚಿತ್ರ ಶಕ್ತಿಯಿದೆ. ಕಾಡಿನಲ್ಲಿ ಒಂದು ಸೆಕೆಂಡಿನಲ್ಲಿ ಮುಗಿದುಹೋಗಿದ್ದ ಕೆಲಸ ಅಲ್ಲಿ ಕೂತು ನನ್ನನ್ನು ನೋಡುತ್ತಿತ್ತು.

ಸಾಲಿಗೆ ಮರಳಿ ಅವರಿಗೆ ಹೇಳಿದೆ. ಧೈರ್ಯದಿಂದಲ್ಲ. 'ಭಲೇ' ಎಂಬ ಮಾತು ಹೊಟ್ಟೆಯಲ್ಲಿ ಅರಗದೆ ಕೂತಿತ್ತು, ಅಷ್ಟೆ. ಪಟ್ಟಿ ಬಿದ್ದಿತ್ತು, ಚರಂಡಿಗೆ ಇಳಿಯಲಿಲ್ಲ, ನೇರ ಬಂದೆ ಎಂದೆ. ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಸಿದ್ಧವಾಗಿತ್ತು. ಅವರು ನಕ್ಕು, ಬೆನ್ನು ತಟ್ಟಿ, ಹೋಗಲಿ ಬಿಡು, ಆಟ ತಾನೆ ಅನ್ನುತ್ತಾರೆ. ಕ್ಷಮೆ ಕೇಳುವವರಲ್ಲಿ ಹೆಚ್ಚಿನವರು ಇಂಥದೊಂದು ಚಿತ್ರ ಇಟ್ಟುಕೊಂಡೇ ಹೋಗುತ್ತಾರೆ.

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದರೆ, 38 ನಾನು?"

ಆ ಮುಖ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಡುಗುವ ತುಟಿ, ಹುಬ್ಬಿನ ಮೇಲೆ ಒಣಗಿದ ಕೆಸರು, ಅದರ ನಡುವೆ ಮುಚ್ಚಿಡಲಾಗದ ಸಂತೋಷ. ಯಾರಿಗೇನು ಎಂದು ಕಾಡಿನಲ್ಲಿ ಕೇಳಿಕೊಂಡಿದ್ದೆನಲ್ಲ, ಇವರಿಗೆ. ನನ್ನ ವಾದದಲ್ಲಿ ಇಡೀ ಹೊತ್ತು ನಾನೊಬ್ಬನೇ ಇದ್ದೆ. ಅವರು ಅದರೊಳಗೆ ಬರೀ ಒಂದು ನೀಲಿ ಅಂಗಿಯಾಗಿದ್ದರು.

ಸೈಕಲ್ಲನ್ನು ಬೇಲಿಗೆ ಒರಗಿಸಿ ಅವರೇ ನನ್ನನ್ನು ತೀರ್ಪುಗಾರರ ಮೇಜಿಗೆ ಕರೆದುಕೊಂಡು ಹೋದರು. ಕರೆದುಕೊಂಡು ಹೋದರು ಎನ್ನುವುದಕ್ಕಿಂತ ಪಕ್ಕದಲ್ಲಿ ನಡೆದು ಬಂದರು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹೆಂಗಸು ಯಾವ ಸುತ್ತು, ಎಲ್ಲಿ ಎಂದು ಕೇಳಿದರು. ದಾರಿ ಬಿಟ್ಟವನು ಬಿಟ್ಟಲ್ಲಿಂದಲೇ ಒಳಗೆ ಬರಬೇಕು, ನೀವು ಬರಲಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಒಪ್ಪಿಕೊಂಡದ್ದಕ್ಕೆ ಒಂದು ಒಳ್ಳೆಯ ಮಾತು ಬಂದೀತೆಂದು ಕಾಯುತ್ತಿದ್ದೆನೆಂಬುದು ಅದು ಬಾರದೆ ಹೋದಾಗ ತಿಳಿಯಿತು. ನನ್ನ ಹೆಸರು ಪಟ್ಟಿಯಿಂದ ಹೋಯಿತು. ಹೊಸ ಹಾಳೆಯಲ್ಲಿ 40 ಜನ. ನನ್ನ ಹಿಂದಿದ್ದ ಮೂವರೂ ಒಂದೊಂದು ಮೆಟ್ಟಿಲು ಮೇಲೇರಿದ್ದರು. ಅವರಲ್ಲಿ ಇನ್ನಿಬ್ಬರ ಮುಖವನ್ನು ನಾನು ನೋಡಿಯೂ ಇರಲಿಲ್ಲ.

ನೀಲಿ ಅಂಗಿಯವರು ಹೊಸ ಹಾಳೆಯ ಫೋಟೋ ತೆಗೆದುಕೊಂಡರು. ಬೆರಳು ಮರಗಟ್ಟಿ ಮೂರು ಸಲ ತೆಗೆಯಬೇಕಾಯಿತು. ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ವಾರ ಬರುತ್ತೀಯಾ ಎಂದು ಕೇಳಿದರು. ಅದು ಕ್ಷಮೆಯೋ ಸವಾಲೋ ಗೊತ್ತಾಗಲಿಲ್ಲ. ಬರುತ್ತೇನೆ ಎಂದೆ.

ಸಂಜೆ ಅಪ್ಪಯ್ಯನ ಫೋನು. ಊರಿನಲ್ಲಿ ರಾತ್ರಿಯಾಗಿತ್ತು. ಎಷ್ಟನೆಯವನಾಗಿ ಬಂದೆ ಎಂದರು. ಹೆಸರೇ ಇಲ್ಲ ಎಂದೆ. ಎಂತಕ್ಕೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಕಥೆ ಬಹಳ ಉದ್ದವಾಯಿತು, ನಡುವೆ ಸೂಟ್ಸ್ ಕೂಡ ಬಂದ. ಆ ಕಡೆಯಿಂದ ಸದ್ದಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ.

"ಕೆಸರು ಬೇಕು ಅಂತ್ಲೇ ಅಷ್ಟು ದೂರ ಹೋದವ, ಕೆಸರು ತಪ್ಪಿಸಿ ಬಂದ್ಯಾ?" ಎಂದರು.

"ಹೌದು ಅಪ್ಪಯ್ಯ."

ಮತ್ತೆ ಸುಮ್ಮನಾದರು. ಹಿಂದೆ ಅಮ್ಮ ಯಾರದು ಫೋನು ಎಂದು ಕೇಳುತ್ತಿದ್ದುದು ಕೇಳಿಸಿತು.

"ಸೈಕಲ್ ತೊಳೆದ್ಯಾ?"

"ಇಲ್ಲ. ಸಾಲು ಉದ್ದ ಇತ್ತು."

"ಈಗ್ಲೇ ತೊಳಿ. ಕೆಸರು ಒಣಗಿದ್ರೆ ಚೈನು ಹಾಳಾಗ್ತದೆ."